ಮಳೆ ನಿಂತ ಮೇಲೆ ಕಿವಿಯಲ್ಲಿ ಜೀರುಂಡೆ: 38 ಸಾವಿರ ಕಟ್ಟಲೋ ಬೇಡವೋ?

ತೋಟದಮನೆ, ಸಕಲೇಶಪುರ
ಒಂದು ಸಲಹೆ ಬೇಕಿತ್ತು. ನನಗೆ 46 ವರ್ಷ. ಆಗಸ್ಟ್‌ನಿಂದ ಕಿವಿಯಲ್ಲಿ ಕುಂಯ್ ಅಂತ ಸದ್ದು. ಮಳೆ ಇರುವಷ್ಟು ದಿನ ಶೀಟಿನ ಸದ್ದಿನಲ್ಲಿ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಈಗ ಡಿಸೆಂಬರ್, ರಾತ್ರಿ ತೋಟದಲ್ಲಿ ಎಲೆ ಬಿದ್ದರೂ ಕೇಳುತ್ತದೆ. ಮೊನ್ನೆ ಎರಡು ಗಂಟೆ ರಾತ್ರಿಯಲ್ಲಿ ಹೆಂಡತಿಯನ್ನು ಎಬ್ಬಿಸಿ, ಹೊರಗೆ ಜೀರುಂಡೆ ಕೂಗುತ್ತಿದೆಯಾ ಅಂತ ಕೇಳಿದೆ. "ಇಲ್ಲ, ಸುಮ್ನೆ ಮಲಗಿ" ಅಂದಳು. ಡಾಕ್ಟರ್ ಬೀಟಾಹಿಸ್ಟಿನ್ ಬರೆದುಕೊಟ್ಟಿದ್ದರು. ಎರಡು ತಿಂಗಳು ನುಂಗಿದೆ, ಏನೂ ಬದಲಾಗಲಿಲ್ಲ. ಈಗ ಫೋನ್‌ನಲ್ಲಿ ಒಂದು ಜಾಹೀರಾತು ಬೆನ್ನು ಬಿಡುತ್ತಿಲ್ಲ. ಗಿಂಕೊ ಅನ್ನುವ ಗಿಡಮೂಲಿಕೆ ಮಾತ್ರೆ, ಕಿವಿಗೆ ಲೇಸರ್, ಆರು ತಿಂಗಳಿಗೆ 38 ಸಾವಿರ, "ಸಂಪೂರ್ಣ ಗುಣ" ಅಂತೆ. ಕಟ್ಟಲಾ?

ಕಟ್ಟೆ ಮೇಷ್ಟ್ರು, ಚಿಕ್ಕಮಗಳೂರು
ಕಟ್ಟಬೇಡಿ. ನನಗೆ ಹನ್ನೊಂದು ವರ್ಷದಿಂದ ಇದೆ. 1953ರಲ್ಲಿ ಹೆಲ್ಲರ್, ಬರ್ಗ್‌ಮನ್ ಅಂತ ಇಬ್ಬರು, ಕಿವಿ ಚೆನ್ನಾಗಿದ್ದ 80 ಜನರನ್ನು ಸದ್ದೇ ಬರದ ಕೋಣೆಯಲ್ಲಿ ಕೂರಿಸಿ ನೋಡಿದರು. ಅದರಲ್ಲಿ ನೂರಕ್ಕೆ 94 ಜನ ಏನೋ ಕೇಳಿಸುತ್ತಿದೆ ಅಂದರು. ಅಂದರೆ ಸದ್ದು ಎಲ್ಲರಿಗೂ ಸ್ವಲ್ಪ ಇದ್ದದ್ದೇ. ಅಭ್ಯಾಸ ಆಗುತ್ತದೆ. ರಾತ್ರಿ ಫ್ಯಾನ್ ಹಾಕಿಕೊಂಡು ಮಲಗಿ.

ತೋಟದಮನೆ
ಡಿಸೆಂಬರ್‌ನಲ್ಲಿ ಮಲೆನಾಡಿನಲ್ಲಿ ಫ್ಯಾನ್! ಮೇಷ್ಟ್ರೇ, ಕಿವಿ ಉಳಿದರೂ ಮೂಗು ಉಳಿಯಲ್ಲ. ಬೇಜಾರು ಮಾಡಿಕೊಳ್ಳಬೇಡಿ, "ಅಭ್ಯಾಸ ಆಗುತ್ತೆ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ.

ಬೇಲೂರು ಬೈಕು
ನಮ್ಮಜ್ಜಿ ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಬಿಸಿ ಮಾಡಿ ಕಿವಿಗೆ ಬಿಡುತ್ತಿದ್ದರು. 38 ರೂಪಾಯಿಯೂ ಆಗಲ್ಲ. ನೋಡಿ ಒಂದ್ಸಲ.

ಕಿವಿ ಪರೀಕ್ಷೆಯವಳು, ಹಾಸನ
ದಯವಿಟ್ಟು ಬೇಡ. ಕಿವಿ ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಗೆ ಹೋಗಿ ಕೀವಾಗುತ್ತದೆ. ಒಳಗೆ ಏನಿದೆ ಅಂತ ನೋಡದೆ ಏನನ್ನೂ ಬಿಡಬಾರದು. ಎಷ್ಟೋ ಸಲ ಬರೀ ಗುಗ್ಗೆ ಗಟ್ಟಿಯಾಗಿ ಕೂತಿರುತ್ತದೆ, ತೆಗೆದರೆ ಸದ್ದೂ ಹೋಗುತ್ತದೆ. ನಾನು ಆಡಿಯೋಮೆಟ್ರಿ, ಅಂದರೆ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ ಮಾಡುವವಳು, ಡಾಕ್ಟರ್ ಅಲ್ಲ. ತೋಟದಮನೆಯವರೇ, ಸದ್ದು ಒಂದೇ ಕಿವಿಗಾ, ಎರಡಕ್ಕೂನಾ? ನಾಡಿ ಬಡಿದ ಹಾಗೆ ಡಬ್ ಡಬ್ ಅನ್ನುತ್ತದಾ? ತಲೆ ಸುತ್ತು ಇದೆಯಾ? ಕೆಲಸ ಏನು?

ತೋಟದಮನೆ
ಎರಡಕ್ಕೂ, ಎಡಕ್ಕೆ ಸ್ವಲ್ಪ ಜಾಸ್ತಿ. ಡಬ್ ಡಬ್ ಇಲ್ಲ, ತಲೆ ಸುತ್ತೂ ಇಲ್ಲ. ಹದಿನೈದು ವರ್ಷದಿಂದ ವೀಡ್ ಕಟರ್ ಹಿಡಿದಿದ್ದೇನೆ, ಚೈನ್ ಸಾ ಕೂಡ. ಕಿವಿಗೆ ಏನೂ ಹಾಕಿದವನಲ್ಲ. ಆಮೇಲೆ ಹೋದ ವರ್ಷ ಗದ್ದೆಗೆ ಆನೆ ಬಂದಾಗ ಪಟಾಕಿ ಹೊಡೆದೆವು. ಒಂದು ಕೈಯ ಹತ್ತಿರವೇ ಸಿಡಿಯಿತು. ಎರಡು ದಿನ ಕಿವಿ ಗವ್ ಅನ್ನುತ್ತಿತ್ತು.

ಕಿವಿ ಪರೀಕ್ಷೆಯವಳು
ಹಾಗೆ ಹೇಳಿ! 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು ಅನ್ನುತ್ತಾರೆ. ಮೂರು ಡೆಸಿಬಲ್ ಏರಿದ ಹಾಗೆಲ್ಲ ಆ ಹೊತ್ತು ಅರ್ಧ. 100 ಡೆಸಿಬಲ್‌ಗೆ ಬರುವಾಗ ಕಾಲು ಗಂಟೆ ಮಾತ್ರ. ಚೈನ್ ಸಾ ಅದನ್ನೂ ದಾಟುತ್ತದೆ. ಒಳಗಿವಿಯ ಸಣ್ಣ ಕೂದಲಿನಂಥ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟಲ್ಲ. ಘಾಟಿಯಲ್ಲಿ ರೇಡಿಯೊ ಸ್ಟೇಷನ್ ಸಿಗದಿದ್ದಾಗ ವಾಲ್ಯೂಮ್ ಏರಿಸುತ್ತೇವಲ್ಲ, ಹಾಡು ಬರಲ್ಲ, ಗರಗರ ಜಾಸ್ತಿ ಆಗುತ್ತದೆ. ಕಿವಿಯಿಂದ ಬರುವುದು ಕಡಿಮೆಯಾದಾಗ ಮೆದುಳೂ ಹಾಗೇ ಮಾಡುತ್ತದೆ ಅಂತ ತಿಳಿದವರು ಹೇಳುತ್ತಾರೆ.
ಗಿಂಕೊ ವಿಷಯ: ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚಿನ ಗುಣ ಕಂಡಿಲ್ಲ. 2014ರಲ್ಲೇ ಅಮೆರಿಕದ ಇಎನ್‌ಟಿ ಡಾಕ್ಟರ್‌ಗಳ ಸಂಘ ಗಿಂಕೊ, ಜಿಂಕ್ ಎರಡೂ ಬೇಡ ಅಂದಿದೆ. ಬರೀ ಸದ್ದಿಗೆ ಬೀಟಾಹಿಸ್ಟಿನ್ ಕೊಡಬೇಡಿ ಅಂತ 2020ರಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ಹೇಳಿದೆ. ಮೊದಲು ಆಡಿಯೋಗ್ರಾಂ, ಅಂದರೆ ಕಿವಿ ಪರೀಕ್ಷೆಯ ಗೆರೆಚಿತ್ರ ಮಾಡಿಸಿ. ಕೇಳುವುದು ಕಡಿಮೆ ಆಗಿದ್ದರೆ ಹಿಯರಿಂಗ್ ಏಡ್‌ನಿಂದ ಸದ್ದೂ ಹಿಂದೆ ಸರಿಯುವುದುಂಟು.

ಕಟ್ಟೆ ಮೇಷ್ಟ್ರು
ಬಂತು ನೋಡಿ ಮಿಷನ್ ವ್ಯಾಪಾರ. 38 ಸಾವಿರ ಬೇಡ ಅಂದು 60 ಸಾವಿರದ್ದು ತೋರಿಸುವುದು.

ಕಿವಿ ಪರೀಕ್ಷೆಯವಳು
ಮೇಷ್ಟ್ರೇ, ನಾನು ಮಾರುವವಳಲ್ಲ. ನಂಬಿಕೆ ಇಲ್ಲದಿದ್ದರೆ ಮೈಸೂರಿಗೆ ಹೋಗಲಿ. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ್ದು. ಹಾಸನದಿಂದ ಹೊಳೆನರಸೀಪುರದ ಮೇಲೆ ರೈಲೂ ಇದೆ. ಕೊಳ್ಳುವ ಮೊದಲು ಹಾಕಿ ನೋಡಲು ಎಲ್ಲಿ ಬೇಕಾದರೂ ಕೇಳಬಹುದು.

ಮೂಡಿಗೆರೆ ಅಕ್ಕ
ನಮ್ಮೆಜಮಾನರ ಕಥೆ ಹೇಳುತ್ತೇನೆ. ಅವರಿಗೂ ಕಿವಿಯಲ್ಲಿ ಸದ್ದು, ಕೇಳುವುದೂ ಕಡಿಮೆ. ಟಿವಿ ಸದ್ದು ಪಕ್ಕದ ಲೈನ್ ಮನೆಗೂ ಕೇಳುತ್ತಿತ್ತು. ನಾನು ಏನಂದರೂ "ಆಂ?" ಮಿಷನ್ ತಂದ ಮೇಲೆ ಎರಡು ತಿಂಗಳು ಬೀರುವಿನಲ್ಲಿ ಇಟ್ಟಿದ್ದರು, ಪಾತ್ರೆ ಸದ್ದು ತಲೆಗೆ ಹೊಡೆಯುತ್ತೆ ಅಂತ. ನಾನೇ ಹಟ ಹಿಡಿದು ದಿನಾ ಒಂದೊಂದು ಗಂಟೆ ಹಾಕಿಸಿದೆ. ಈಗ ಹಗಲು ಸದ್ದಿನ ನೆನಪೇ ಇಲ್ಲ ಅನ್ನುತ್ತಾರೆ. ರಾತ್ರಿ ತೆಗೆದಿಟ್ಟರೆ ಮತ್ತೆ ಬರುತ್ತದೆ. ಇಷ್ಟು ನಿಜ, ಜಾಸ್ತಿ ಹೇಳಲ್ಲ.

ಹಾಸನ ಟು ಬೆಂಗಳೂರು
ಲೆನಿರ್ ಅಂತ ಒಂದು ಬಂದಿದೆಯಲ್ಲ? ನಾಲಿಗೆಗೆ ಸಣ್ಣ ಕರೆಂಟ್, ಜೊತೆಗೆ ಹೆಡ್‌ಫೋನ್‌ನಲ್ಲಿ ಸದ್ದು. ಐರ್ಲೆಂಡ್‌ನವರದ್ದು. 2023ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಔಷಧಿ, ಉಪಕರಣ ಪರಿಶೀಲಿಸುವ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ.

ಕಿವಿ ಪರೀಕ್ಷೆಯವಳು
ಕೊಟ್ಟಿದೆ, ನಿಜ. ಆದರೆ ಅದೂ ಕಾಟ ಕಡಿಮೆ ಮಾಡಲಿಕ್ಕೆ, ಸದ್ದು ಅಳಿಸಿಹಾಕಲಿಕ್ಕಲ್ಲ. ಈ ಕಾಟಕ್ಕೆ ಹೆಚ್ಚು ಪುರಾವೆ ಇರುವುದು ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಸಿಬಿಟಿ ಅನ್ನುವ ಕೌನ್ಸೆಲಿಂಗ್‌ಗೆ.

ತೋಟದಮನೆ
ಕೌನ್ಸೆಲಿಂಗಾ? ಹಾಗಾದರೆ ನನಗೆ ತಲೆ ಕೆಟ್ಟಿದೆ ಅಂತಾನಾ?

ಕಟ್ಟೆ ಮೇಷ್ಟ್ರು
ಅಲ್ಲ ಮಾರಾಯ್ರೇ. ಈ ಒಂದು ವಿಷಯದಲ್ಲಿ ಆ ತಾಯಿ ಹೇಳಿದ್ದು ಸರಿ. ನಾನು ಮೊದಲ ವರ್ಷ ಡೈರಿ ಬರೆಯುತ್ತಿದ್ದೆ. ಇವತ್ತು ಹತ್ತಕ್ಕೆ ಏಳು, ಇವತ್ತು ಎಂಟು, ಮಾರ್ಕ್ಸ್ ಹಾಕಿದ ಹಾಗೆ. ಬೆಳಿಗ್ಗೆ ಎದ್ದ ಕೂಡಲೇ ಇದೆಯಾ ಅಂತ ಹುಡುಕುವುದು. ಹುಡುಕಿದರೆ ಇರದೆ ಏನು? ಒಬ್ಬರು ಕೂರಿಸಿ ಅದನ್ನು ಬಿಡಿಸಿದರು. ಡೈರಿಯನ್ನು ಹಂಡೆ ಒಲೆಗೆ ಹಾಕಿದೆ. ಸದ್ದು ಈಗಲೂ ಅಷ್ಟೇ ಇದೆ, ಹೆದರಿಕೆ ಇಲ್ಲ. "ಅಭ್ಯಾಸ" ಅಂದದ್ದು ಇದಕ್ಕೇ. ಸರಿಯಾಗಿ ಬಿಡಿಸಿ ಹೇಳಲಿಲ್ಲ, ತಪ್ಪಾಯ್ತು.

ಕಿವಿ ಪರೀಕ್ಷೆಯವಳು
ಓದುವ ಬೇರೆಯವರಿಗೂ ಒಂದು ಮಾತು. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದೆ ಹೋದರೆ ಕಾಯಬೇಡಿ, ಅವತ್ತೇ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಒಂದೇ ಕಿವಿಯಲ್ಲಿ ಸದ್ದು, ನಾಡಿಯ ಹಾಗೆ ಬಡಿಯುವ ಸದ್ದು, ಇವನ್ನೂ ತೋರಿಸಲೇಬೇಕು. ಸ್ಕ್ಯಾನ್ ಬೇಕಾಗಬಹುದು.

ತೋಟದಮನೆ (ಹನ್ನೆರಡು ದಿನದ ನಂತರ)
ಹಾಸನಕ್ಕೆ ಹೋಗಿ ಪರೀಕ್ಷೆ ಮಾಡಿಸಿದೆ. ಗುಗ್ಗೆ ಇಲ್ಲ. ಆಡಿಯೋಗ್ರಾಂ ಗೆರೆ 4000 ಹರ್ಟ್ಸ್ ಹತ್ತಿರ ಹೊಂಡಕ್ಕೆ ಬಿದ್ದ ಹಾಗೆ ಇಳಿದಿದೆ, ಎರಡೂ ಕಿವಿಗೆ. ಅಂದರೆ ಆ ಕೀಚಲು ಸದ್ದು ಸರಿಯಾಗಿ ಕೇಳುತ್ತಿಲ್ಲ. ಮಿಷನ್ ಹಾಕಿ ನೋಡಲು ಮುಂದಿನ ವಾರ ಕರೆದಿದ್ದಾರೆ. 38 ಸಾವಿರ ಕಟ್ಟಲಿಲ್ಲ. ರಾತ್ರಿ ಫೋನ್‌ನಲ್ಲಿ ಮಳೆ ಸದ್ದು ಸಣ್ಣಗೆ ಹಾಕಿ ಮಲಗುತ್ತಿದ್ದೇನೆ. ಮಳೆಗಾಲದಲ್ಲಿ ಬೈಯುತ್ತಿದ್ದೆ, ಈಗ ಅದನ್ನೇ ಡೌನ್‌ಲೋಡ್ ಮಾಡಿದೆ ಅಂತ ಹೆಂಡತಿ ನಗುತ್ತಾಳೆ.
ಬರುವಾಗ ಕಿವಿ ಮುಚ್ಚುವ ಇಯರ್‌ಮಫ್ ಎರಡು ತಂದೆ. ಒಂದು ನನಗೆ, ಒಂದು ಕಟರ್ ಹಿಡಿಯುವ ನಮ್ಮ ಹುಡುಗನಿಗೆ. ಯಾಕೆ ಅಂತ ಕೇಳಿದ, ಹೇಳಿದೆ. "ನನಗೂ ಕೂಗುತ್ತೆ ಅಣ್ಣಾ, ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ" ಅಂದ.

ಕಿವಿ ಪರೀಕ್ಷೆಯವಳು
ಮುಂದಿನ ವಾರ ಅವನನ್ನೂ ಕರೆದುಕೊಂಡು ಬನ್ನಿ.