ಹಸಿ ಗಳ ಹಾಕಿ ಮಾಡು ಕಟ್ಟಿದೆ, ಬೇಸಿಗೆಗೆ ಸೀಳಿತು. ಯಾಕೆ?

ತೋಟದಮನೆ, ತೀರ್ಥಹಳ್ಳಿ ಕಡೆ:
ದೀಪಾವಳಿ ಕಳೆದ ವಾರ ನಮ್ಮದೇ ಮೆಳೆಯಿಂದ ಬಲಿತ ಬಿದಿರು ಕಡಿದು, ಹತ್ತೇ ದಿನದಲ್ಲಿ ಕೊಟ್ಟಿಗೆಗೆ ಮಾಡು ಏರಿಸಿದೆ. ಗಳಕ್ಕೆ ತೂತು ಕೊರೆದು ಬೋಲ್ಟ್ ಬಿಗಿದಿದ್ದೆ. ಶಿವರಾತ್ರಿ ಹೊತ್ತಿಗೆ ಬೋಲ್ಟ್ ಇದ್ದಲ್ಲೆಲ್ಲ ಉದ್ದಕ್ಕೆ ಸೀಳು. ಹೆಂಚಿನ ಭಾರಕ್ಕೆ ಎರಡು ಗಳ ಬಾಗಿ ಹಾಗೇ ನಿಂತಿವೆ. ಒಣಗಿದ ಬಿದಿರಿಗೆ ಶಕ್ತಿ ಜಾಸ್ತಿ ಅಂತಾರಲ್ಲ? ಕಡಿದ ದಿನ ಒಂದು ತುಂಡು ತೂಗಿಟ್ಟಿದ್ದೆ, 520 ಗ್ರಾಂ. ಈಗ 330.

ಹಳೇ ಲ್ಯಾಬಿನವ:
ತೂಗಿಟ್ಟಿದ್ದು ಬಹಳ ಒಳ್ಳೇದಾಯ್ತು. ಈಗಲೂ ಅದರಲ್ಲಿ ನೂರಕ್ಕೆ ಹತ್ತರಷ್ಟು ನೀರಿದೆ ಅಂತಿಟ್ಟುಕೊಂಡರೆ ಪೂರ್ತಿ ಒಣ ತೂಕ 300. ಒಣ ತೂಕಕ್ಕೆ ಹೋಲಿಸಿ ನೀರನ್ನು ಲೆಕ್ಕ ಹಾಕಿದರೆ, ನೀವು ಕಡಿದ ದಿನ ತೇವಾಂಶ ಶೇ. 73ರ ಆಸುಪಾಸು.

ಬಿದಿರಿನ ತೇವ ಶೇ. 20–30ಕ್ಕೆ ಇಳಿಯುವವರೆಗೆ ಹೋಗುವುದು ಹೆಚ್ಚಾಗಿ ಬಿದಿರಿನ ಸಣ್ಣ ಕೋಶಗಳ ಟೊಳ್ಳಿನಲ್ಲಿ ನಿಂತ ನೀರು. ಆಗ ಬಲ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅದಕ್ಕಿಂತ ಕೆಳಗೆ ನಾರಿನ ಗೋಡೆಯೇ ಒಣಗಿದಾಗ ಬಿಗಿ ಬರುತ್ತದೆ, ಒತ್ತಡ ತಡೆಯುವ ಶಕ್ತಿಯೂ ಏರುತ್ತದೆ. ನಿಮಗೆ ಹೇಳಿದವರ ಮಾತು ಸುಳ್ಳಲ್ಲ. ಆದರೆ ಮರ ಆ ಹಂತ ತಲುಪಿದ ಮೇಲೆ ಕುಗ್ಗುತ್ತದೆ, ಬಿದಿರು ಕಡಿದ ದಿನದಿಂದಲೇ ಕುಗ್ಗಲು ಶುರು. ಸುತ್ತಳತೆ ಕುಗ್ಗುವಾಗ ನಿಮ್ಮ ಬೋಲ್ಟ್ ಅಡ್ಡ ನಿಂತಿದೆ. ನಾರೆಲ್ಲ ಉದ್ದುದ್ದಕ್ಕೆ ಇರುವುದರಿಂದ ಅಡ್ಡಕ್ಕೆ ಎಳೆದರೆ ತಡೆಯಲು ಏನೂ ಇಲ್ಲ, ಸೀಳುತ್ತದೆ. ಬಾಗಿದ್ದೂ ಇದೇ ಕಥೆ: ಹಸಿಯಲ್ಲಿ ಭಾರ ಹೊತ್ತು, ಹೊತ್ತ ಭಂಗಿಯಲ್ಲೇ ಒಣಗಿತು.

ಮೇದರ ಮನೆಯವಳು:
ನಮ್ಮಲ್ಲಿ ಬುಟ್ಟಿ ಹೆಣೆಯುವ ಸಲಾಕೆ ಒಣಗಿದ್ದರೆ ನೀರಲ್ಲಿ ನೆನೆಸದೆ ಮುಟ್ಟಲ್ಲ. ಒಣಗಿದ್ದು ಬಗ್ಗಿಸಿದರೆ ಪಟ್ ಅಂತ ಮುರಿಯುತ್ತೆ, ನೆಂದದ್ದು ಬಳುಕುತ್ತೆ. ಏಣಿಗೆ ಮಾತ್ರ ಅಪ್ಪ ಹಸಿ ಗಳ ಯಾವತ್ತೂ ಕೊಟ್ಟಿಲ್ಲ. ನೆರಳಲ್ಲಿ ನಿಲ್ಲಿಸಿ ಎರಡು ಮೂರು ತಿಂಗಳು ಕಾಯಿಸುತ್ತಿದ್ದರು.

ಹಳೇ ಲ್ಯಾಬಿನವ:
ನಿಮ್ಮ ಅಪ್ಪ ಮಾಡಿದ್ದೇ ಸರಿ, ಬಿಸಿಲಿಗೆ ಹಾಕಬಾರದು. ತೋಟದಮನೆಯವರೇ, ಸೀಳಿದ ಗಳಕ್ಕೆ ಬೋಲ್ಟಿನ ಎರಡೂ ಬದಿಗೆ ತಂತಿ ಸುತ್ತಿ ಬಿಗಿಯಿರಿ. ಬಾಗಿದ ಎರಡನ್ನು ಮಳೆಗಾಲಕ್ಕೆ ಮೊದಲೇ ಬದಲಿಸಿ. ಆಷಾಢದ ಗಾಳಿಯ ತೇವ ಕುಡಿದರೆ ಗಳದ ಬಿಗಿ ಮತ್ತೆ ಇಳಿಯುತ್ತದೆ. ಹೊಸ ತೂತು ಗಿಣ್ಣಿನ ಹತ್ತಿರ ಇರಲಿ, ಬೋಲ್ಟಿಗಿಂತ ಒಂದು ನೂಲು ದೊಡ್ಡದಿರಲಿ.

ತೋಟದಮನೆ, ತೀರ್ಥಹಳ್ಳಿ ಕಡೆ:
ಅಟ್ಟದಲ್ಲಿ ಹೋದ ವರ್ಷ ಕಡಿದ ನಾಲ್ಕು ಗಳ ಇವೆ. ಕುಟ್ಟೆ ಹಿಡಿದಿದೆಯಾ ನೋಡಿ, ನಾಳೆ ತೂಗಿ ಬರೆಯುತ್ತೇನೆ.