ಅಕ್ಟೋಬರ್‌ನಲ್ಲಿ ಶಿಮ್ಲಾ ಕಡೆ ಮರದಲ್ಲಿ ಸೇಬು ಇರುತ್ತದೆಯೇ?

ಪ್ರಶ್ನೆ: ಅಕ್ಟೋಬರ್ ಮೊದಲ ವಾರ ಅಪ್ಪನೊಂದಿಗೆ ಶಿಮ್ಲಾಕ್ಕೆ ಹೊರಟಿದ್ದೇನೆ. ಅಪ್ಪ ಸಕಲೇಶಪುರದ ಕಾಫಿ ಬೆಳೆಗಾರರು. ಮಾಲ್ ರಸ್ತೆ ಬೇಡ, ಮರದಲ್ಲಿ ತೂಗುವ ಸೇಬು ತೋರಿಸು ಎನ್ನುತ್ತಾರೆ. ಎಲ್ಲಿಗೆ ಹೋಗಲಿ?

ಉತ್ತರ: ಹೆಸರಾದದ್ದು ನಾರ್ಕಂಡಾದಾಚೆಯ ಕೋಟ್‌ಗಢ, ಥಾನೇದಾರ್. ಅಮೆರಿಕದಿಂದ ಬಂದ ಸ್ಟೋಕ್ಸ್ 1916ರಲ್ಲಿ ಕೆಂಪು ಡೆಲಿಶಿಯಸ್ ಎಂಬ ಸೇಬಿನ ತಳಿಯ ಗಿಡ ನೆಟ್ಟ ಊರು ಅದು. ಆದರೆ ನಿಮ್ಮ ಹೊತ್ತಿಗೆ ಅಲ್ಲಿ ಕೊಯ್ಲು ಬಹುಪಾಲು ಮುಗಿದಿರುತ್ತದೆ. ನಾನು ಆಗಸ್ಟ್‌ನಲ್ಲಿ ಹೋಗಿದ್ದೆ. ಹಣ್ಣೇನೋ ಕಂಡೆ, ಆಲಿಕಲ್ಲು ತಡೆಯುವ ಬಿಳಿ ಬಲೆಯೊಳಗೆ! ಜೊತೆಗೆ ಗುಡ್ಡ ಕುಸಿದು ಮೂರು ಗಂಟೆ ಸೇಬಿನ ಲಾರಿಯ ಹಿಂದೆ ನಿಂತೆ; ಆ ಪರಿಮಳ ಮಾತ್ರ ಮರೆಯಲಾರೆ.

ಉತ್ತರ: ಕಿನ್ನೌರಿನ ಕಲ್ಪಾಕ್ಕೆ ಹೋಗಿ. ಎತ್ತರದ ಊರು, ಕೊಯ್ಲು ತಡ. ಶಿಮ್ಲಾದಿಂದ ಇಡೀ ದಿನದ ದಾರಿ. ಹಿರಿಯರಿದ್ದಾರೆ, ರಾಂಪುರದಲ್ಲಿ ಒಂದು ರಾತ್ರಿ ತಂಗಿ. ಮಾಲೀಕರನ್ನು ಕೇಳದೆ ಒಂದು ಹಣ್ಣನ್ನೂ ಕೀಳಬೇಡಿ, ಅದು ಅವರ ವರ್ಷದ ದುಡಿಮೆ.

ಪ್ರಶ್ನೆ ಕೇಳಿದವಳು: ಕಲ್ಪಾ ನಿಶ್ಚಯವಾಯಿತು. ಊರಲ್ಲಿ ಬೆಳೆಸಲು ಅಲ್ಲಿನ ಸೇಬಿನ ಕಸಿಕಡ್ಡಿ ತರಬಹುದೇ ಎಂದು ಅಪ್ಪ ಕೇಳುತ್ತಿದ್ದಾರೆ.

ಉತ್ತರ: ಸಕಲೇಶಪುರದ ಚಳಿ ಆ ತಳಿಗೆ ಸಾಲದು ಎಂದು ಹೇಳಿ. ಕೇಳುವುದಿಲ್ಲ, ಗೊತ್ತು, ನನ್ನ ಮಾವನೂ ತಂದಿದ್ದರು.