ಹೋಟೆಲ್ ಕಿಚನ್ನಲ್ಲಿ ಕೈ ಮಾಡ್ತಾರೆ, ಓನರ್ "ಸೀಸನ್ ಮುಗೀಲಿ" ಅಂತಾರೆ, ಎಲ್ಲಿ ಹೇಳೋದು?

ಕುಮಟಾ_ಅಣ್ಣ:
ನನ್ ತಂಗಿ ಇಲ್ಲೇ ಹೈವೇ ಬದಿ ಒಂದು ಮೀನೂಟದ ಹೋಟ್ಲಲ್ಲಿ ಸರ್ವಿಸ್ ಮಾಡ್ತಾಳೆ, ಹೆಸರು ಬೇಡ. ಸ್ಟಾಫ್ ಏಳೆಂಟು ಜನ ಅಷ್ಟೇ. ಹೆಡ್ ಕುಕ್ ಬಯ್ಯೋದು ದಿನಾ ಇದ್ದಿದ್ದೇ, ಆದ್ರೆ ಹೋದ ಭಾನುವಾರ ರವಾ ಫ್ರೈ ಲೇಟಾಯ್ತು ಅಂತ ಎಣ್ಣೆಯಿಂದ ತೆಗೆದ ಜಾರಾನೇ ಪಾತ್ರೆ ತೊಳೆಯೋ ಹುಡುಗನ ಕೈಗೆ ಒತ್ತಿದಾನೆ, ಗುಳ್ಳೆ ಎದ್ದಿದೆ, ಅದರ ಮೇಲೆ ಟೂತ್‌ಪೇಸ್ಟ್ ಹಚ್ಚಿ ಮತ್ತೆ ಸಿಂಕ್ ಮುಂದೆ ನಿಲ್ಸಿದ್ರಂತೆ. ತಂಗಿ ಪ್ಲೇಟ್ ತಗೊಳ್ಳೋಕೆ ಹೋದ್ರೆ ಫ್ರಿಜ್ ಪಕ್ಕದ ಇಕ್ಕಟ್ಟಲ್ಲಿ ಬೇಕಂತ್ಲೇ ಮೈ ತಾಗಿಸ್ತಾನೆ. ಓನರಿಗೆ ಹೇಳಿದ್ರೆ "ಮೇ ತನಕ ಸುಧಾರಿಸ್ಕೋ ಮಾರಾಯ್ತಿ, ಅವ್ನು ಬಿಟ್ಟೋದ್ರೆ ಗಸಿ ನೀನ್ ಮಾಡ್ತೀಯಾ" ಅಂತ ನಗ್ತಾರೆ. ಒಂದ್ ತಿಂಗಳ ಸಂಬಳ ಬೇರೆ ಹಿಡ್ಕೊಂಡಿದಾರೆ. ಇವಳಿಗೆ ಊರಲ್ಲಿ ಸುದ್ದಿ ಆಗೋದು ಬೇಡ. ಎಂತ ಮಾಡೋದು?

ತಂದೂರ್_ಮುಂದೆ:
ಗೋವಾ, ಕಾರವಾರ ಎರಡೂ ಕಡೆ ಕಿಚನ್ನಲ್ಲಿ ಇದ್ದವ ನಾನು. ರಶ್ಶಲ್ಲಿ ಬಾಯಿ ಜೋರಾಗೋದು ಬೇರೆ, ಇದು ಬೇರೆ. ಅದೇ ಕುಕ್ ಓನರ್ ಮಗ ಒಳಗೆ ಬಂದ್ರೆ ಎಷ್ಟೇ ಆರ್ಡರ್ ಇದ್ರೂ ಮೆತ್ತಗಾಗ್ತಾನಾ ಇಲ್ವಾ ನೋಡಿ. ಯಾರ ಮೇಲೆ ಸಿಟ್ಟು ಹಾರಿಸ್ಬೇಕು ಅಂತ ಅವ್ನಿಗೆ ಚೆನ್ನಾಗಿ ಗೊತ್ತು. ಓನರಿಗೂ ಗೊತ್ತು, ಸೀಸನ್ನಲ್ಲಿ ಕುಕ್ ಸಿಗಲ್ಲ, ಪಾತ್ರೆ ತೊಳೆಯೋರು ಸಿಗ್ತಾರೆ.

ಶಿರಸಿ_ಕೋರ್ಟ್_ರೋಡ್:
ಎರಡು ಬೇರೆ ಬೇರೆ ಕೇಸಿದು, ಸೇರಿಸ್ಬೇಡಿ. ತಂಗಿದು 2013ರ ಪಾಶ್ ಕಾಯ್ದೆಗೆ ಬರ್ತದೆ, ಅಂದ್ರೆ ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗೋ ಲೈಂಗಿಕ ಕಿರುಕುಳ ತಡೆಯೋ ಕಾಯ್ದೆ. ಹತ್ತು ಜನಕ್ಕಿಂತ ಕಡಿಮೆ ಇದ್ರೆ ಹೋಟ್ಲೊಳಗೆ ಕಮಿಟಿ ಇರಲ್ಲ, ಜಿಲ್ಲೆಗೊಂದು ಸ್ಥಳೀಯ ಸಮಿತಿ ಅಂತ ಇರ್ತದೆ, ಓನರ್ ಮೇಲೇ ದೂರು ಇದ್ರೂ ಅಲ್ಲಿಗೇ. ಅದಕ್ಕೆ ಕಾರವಾರದ ತನಕ ಓಡ್ಬೇಕಂತಿಲ್ಲ, ತಾಲೂಕಲ್ಲಿ ನೋಡಲ್ ಅಧಿಕಾರಿ ದೂರು ತಗೊಂಡು 7 ದಿನದೊಳಗೆ ಕಳಿಸ್ಬೇಕು, ಯಾರು ಅಂತ ಮಹಿಳಾ ಮತ್ತು ಮಕ್ಕಳ ಇಲಾಖೆ ಆಫೀಸಲ್ಲಿ ಕೇಳಿ. ಪದೇ ಪದೇ ಆಗ್ತಿದ್ರೆ ಕೊನೇ ಸಲ ಆದದ್ದರಿಂದ 3 ತಿಂಗಳೊಳಗೆ ಬರೆದು ಕೊಡ್ಬೇಕು. ಹೆಸರು ಹೊರಗೆ ಹಾಕೋ ಹಾಗಿಲ್ಲ, ಕಾಯ್ದೆಯಲ್ಲೇ ಇದೆ. ವಿಚಾರಣೆ ನಡೀವಾಗ ಬರೆದು ಕೇಳಿದ್ರೆ 3 ತಿಂಗಳ ತನಕ ರಜೆಗೆ ಸಮಿತಿ ಶಿಫಾರಸು ಮಾಡ್ಬಹುದು.
ಹುಡುಗನಿಗೆ ಪಾಶ್ ಇಲ್ಲ, ಅದು ಹೆಂಗಸರಿಗೆ ಮಾತ್ರ. ಅವನ್ದು ಪೊಲೀಸ್ ಕೇಸು, ಬಿಸಿ ವಸ್ತುವಿಂದ ಗಾಯ ಮಾಡಿದ್ರೆ ಬಿಎನ್‌ಎಸ್ (ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆ) 118(1), 3 ವರ್ಷದ ತನಕ ಜೈಲು ಇದೆ. ಮೊದ್ಲು ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡ್ ಹೋಗಿ, ಹೇಗಾಯ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳ್ಸಿ, ಎಂಎಲ್‌ಸಿ ಮಾಡ್ತಾರೆ, ಅಂದ್ರೆ ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ. "ಎಣ್ಣೆ ಹಾರ್ತು" ಅಂತ ಬರೆಸಿದ್ರೆ ಮುಂದೆ ಏನೂ ನಿಲ್ಲಲ್ಲ. ವಯಸ್ಸೆಷ್ಟು ಅವ್ನಿಗೆ? 18 ಆಗಿಲ್ಲ ಅಂದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಕೋಡಿಬಾಗ:
ಕುಕ್ ಬಿಡಿ, ಕುಡಿದು ಬಂದ ಗಿರಾಕಿ ಕೈ ಹಿಡಿದ್ರೆ? ನಮ್ ಕಡೆ ಬಾರ್ ಇರೋ ಹೋಟ್ಲಲ್ಲಿ ಅದೇ ಜಾಸ್ತಿ.

ಶಿರಸಿ_ಕೋರ್ಟ್_ರೋಡ್:
ಅದೂ ಬರ್ತದೆ. ಕೆಲಸದ ಜಾಗಕ್ಕೆ ಬಂದು ಹೋಗೋರಿಂದಲೂ ರಕ್ಷಣೆ ಕೊಡೋದು ಓನರ್ ಡ್ಯೂಟಿ, 19ನೇ ಸೆಕ್ಷನ್.

ಕುಮಟಾ_ಅಣ್ಣ:
ಹುಡುಗ 17 ಅಂತಾನೆ, ಒಡಿಶಾದವ, ಆಧಾರ್ ಓನರ್ ಹತ್ರ ಇದೆಯಂತೆ. ನಾಳೆ ಬೆಳಿಗ್ಗೆ ತಾಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗ್ತೇನೆ. ಸಂಬಳದ್ದು?

ತಂದೂರ್_ಮುಂದೆ:
ಲೇಬರ್ ಇನ್ಸ್‌ಪೆಕ್ಟರ್ ಆಫೀಸಿಗೆ ಹೋಗಿ. ಹಾಜರಿ ಪುಸ್ತಕದ ಪೇಜ್ ಇವತ್ತೇ ಫೋಟೋ ತೆಗೆಯೋಕೆ ಹೇಳಿ, ಸುದ್ದಿ ಗೊತ್ತಾದ್ರೆ ಅದು ಗಲ್ಲಾದಿಂದ ಮಾಯ ಆಗ್ತದೆ.